ವೀಳ್ಯದೆಲೆಯಂತೆ ಮಡಿಚಿದ ಓಟು

ನನ್ನ ಮೊಮ್ಮಗಳ ಹೆಸರನ್ನು ಕೋರ್ಟಿನಲ್ಲಿ ಕೂಗಿದರು! ಚಿಕ್ಕನಾಯಕನಹಳ್ಳಿ ಕೋರ್ಟಿನ ಬಾಗಿಲಲ್ಲಿ ನಿಂತು, ಎದೆಗೆ ಅಡ್ಡಪಟ್ಟಿ ಹಾಕಿಕೊಂಡ ಜವಾನ ಒಂದಲ್ಲ, ಎರಡಲ್ಲ, ಮೂರು ಸಲ ಕೂಗಿದ. ಅವಳ ಮಾತನ್ನೂ ಕೇಳಿಯೇ ತೀರ್ಮಾನ ಮಾಡುವುದು ಎಂದು ನ್ಯಾಯಾಧೀಶರು ಹೇಳಿದರು. ಪಂಚಾಯ್ತಿ ಚುನಾವಣೆಯಲ್ಲಿ ಸೋತವಳ ಮಾತನ್ನು! ಆ ಸಂತೋಷವನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯದೆ, ಶೆಟ್ಟಿಕೆರೆ ಬಸ್ಸಿನಲ್ಲಿ ಪಕ್ಕ ಕೂತಿದ್ದ ಗುರುತಿಲ್ಲದ ಹೆಂಗಸಿಗೂ ಹೇಳಿಬಿಟ್ಟೆ.

"ಮದ್ವೆ ಗೊತ್ತಾಯ್ತಾ?" ಎಂದಳು ಆಕೆ.

"ಇಲ್ಲಾ ಕಣಮ್ಮ, ಕೇಸ್ಗೆ ಸೇರಿಸ್ಕೊಂಡ್ರು!"

ಆಕೆ ಕಿಟಕಿಯ ಕಡೆಗೆ ಒಂದಿಷ್ಟು ಸರಿದು ಕೂತಳು.

ಅವಳು ಸರಿದದ್ದು ತಪ್ಪೇನಲ್ಲ. ನಮ್ಮ ಕಡೆ ಕೋರ್ಟಿನಲ್ಲಿ ಹೆಸರು ಕೂಗಿಸಿಕೊಳ್ಳುವುದೆಂದರೆ ಮನೆಯ ಮಾನ ಹೋದ ಹಾಗೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನಾನೂ ಅಷ್ಟು ವರ್ಷ ಹಾಗೇ ತಿಳಿದಿದ್ದೆ.

ಆದದ್ದು ಇಷ್ಟು. ನಮ್ಮ ಹಟ್ಟಿಗೂ ಪಕ್ಕದ ಊರಿಗೂ ಸೇರಿ ಒಂದು ಸೀಟು, ಆ ಸಲ ಅದು ಹೆಂಗಸರಿಗೆ. ದೊಡ್ಡ ತೋಟದವರ ಸೊಸೆ, ಕೊಬ್ಬರಿ ಮಂಡಿಯವರ ಹೆಂಡತಿ, ನಮ್ಮ ಹುಡುಗಿ, ಹೀಗೆ ಮೂವರು ನಿಂತರು. ತೋಟದವರು ಗೆದ್ದರು. ಮಂಡಿಯವರು ಸ್ವಲ್ಪದರಲ್ಲಿ ಸೋತರು. ನಮ್ಮವಳು ಮೂರನೆಯವಳು.

ನಮ್ಮ ಹಟ್ಟಿಯ ಹೆಂಗಸರೆಲ್ಲ ಹೊತ್ತು ಮೂಡುವ ಮೊದಲೇ ಹೋಗಿ ಸಾಲು ನಿಂತವರು. ನಮ್ಮ ಹುಡುಗಿಯ ಏಣಿ ಗುರುತಿನ ಮೇಲೆ ಮುದ್ರೆ ಒತ್ತಿದ್ದೂ ಆಯಿತು. ಆದರೆ ಚೀಟಿ ಮಡಿಚುವಾಗ ನಮ್ಮ ಕೈಗೆ ಗೊತ್ತಿದ್ದ ಮಡಿಕೆ ಒಂದೇ, ಸುಣ್ಣ ಸವರಿದ ವೀಳ್ಯದೆಲೆಯದು. ಅಡ್ಡಡ್ಡ ಮಡಿಚಿ, ಹೆಬ್ಬೆರಳಲ್ಲಿ ಚೆನ್ನಾಗಿ ಒತ್ತಿ ಪೆಟ್ಟಿಗೆಗೆ ಹಾಕಿದೆವು. ಶಾಯಿ ಇನ್ನೂ ಹಸಿಯಾಗಿತ್ತು. ಏಣಿಯ ಮೇಲಿನ ಮುದ್ರೆ ಪಕ್ಕದ ಗುರುತಿಗೂ ಅಂಟಿಕೊಂಡಿತು. ಎಣಿಸುವವರು ಎರಡೆರಡು ಮುದ್ರೆ ಇದೆಯೆಂದು ಅವನ್ನೆಲ್ಲ ಬದಿಗೆ ಹಾಕಿದರು.

ತಿರುಗಿ ಎಣಿಸಬೇಕು, ಬದಿಗಿಟ್ಟ ಓಟನ್ನೂ ನೋಡಬೇಕು ಎಂದು ಮಂಡಿಯವರು ಕೋರ್ಟಿಗೆ ಹೋದರು. ಹೇಗೂ ಪೆಟ್ಟಿಗೆ ತೆಗೆಯುತ್ತಾರಲ್ಲ ಎಂದು ನಾವು ಸುಮ್ಮನಿದ್ದೆವು. ಅಟ್ಟದ ಮೇಲೆ ಕಾಯಿ ಕೊಬ್ಬರಿಯಾಗುವ ತನಕ ಕಾಯುವವರಿಗೆ ಇದೇನು ದೊಡ್ಡದು? ಅಷ್ಟರಲ್ಲಿ ಮಂಡಿಯವರ ಮಗಳಿಗೂ ತೋಟದವರ ಕಿರಿಮಗನಿಗೂ ಮದುವೆ ಗೊತ್ತಾಯಿತು. ಬೀಗರ ಮೇಲೆ ಕೇಸು ನಡೆಸುವುದುಂಟೆ? ವಾಪಸ್ ತೆಗೆಯುತ್ತೇವೆ ಎಂದರು. ನಾವೇ ಬೇರೆ ಕೇಸು ಹಾಕೋಣವೆಂದರೆ ವಾಯಿದೆ ಮುಗಿದಿತ್ತು. ಅವರು ವಾಪಸ್ ತೆಗೆದರೆ ನಮ್ಮ ಹಟ್ಟಿಯ ಓಟನ್ನು ಇನ್ನು ಯಾರೂ ಬಿಡಿಸಿ ನೋಡುತ್ತಿರಲಿಲ್ಲ.

ಇದೇ ಕೇಸಿಗೆ ತನ್ನನ್ನೂ ಸೇರಿಸಿಕೊಳ್ಳಿ ಎಂದು ಕೇಳುತ್ತೇನೆಂದಳು ಹುಡುಗಿ. ನಮ್ಮ ಯಜಮಾನರು ಕಾಯಿ ಸುಲಿಯುತ್ತಿದ್ದವರು ಕೈ ನಿಲ್ಲಿಸಿದರು.

"ಕೋರ್ಟ್ ಮೆಟ್ಲು ಹತ್ತಿದ್ ಹುಡ್ಗೀನ ಯಾರೇ ಮದ್ವೆ ಆಯ್ತಾರೆ? ಬುಡು ಅತ್ಲಾಗೆ."

"ಎಲೆ ಮಡಿಚ್ದಂಗೆ ಮಡಿಚಿ ಹಾಕೋಕೆ ನಮ್ಮಜ್ಜಿ, ಬುಡು ಅನ್ನೋಕೆ ನೀನು. ಚೆನ್ನಾಗೈತೆ ತಾತ ನಿಮ್ ಜೋಡಿ!"

ಅವರು ಮತ್ತೆ ಕಾಯಿಗೆ ಕೈ ಹಾಕಿದರು. ಮಾರನೆಯ ದಿನ ನಾನೇ ಅವಳ ಜೊತೆ ವಕೀಲರಲ್ಲಿಗೆ ಹೊರಟೆ.

ತೀರ್ಮಾನದ ದಿನ ಕೋರ್ಟಿನ ಜಗಲಿಯಲ್ಲಿ ತೋಟದ ಯಜಮಾನರು ಎದುರಾದರು.

"ಏನವ್ವ, ಸೋತೋಳ್ಗೆ ಇಲ್ಲೇನ್ ಕೆಲ್ಸ? ನಾವ್ನಾವು ಬೀಗ್ರಾದ್ವಿ, ಕೇಸ್ ಮುಗೀತು."

"ಬೀಗ್ರಾಗಿದ್ದು ನೀವು ಕಣ್ ದೊಡ್ಡಪ್ಪ. ಓಟು ನಮ್ ಹಟ್ಟೀದು. ಅದ್ನೂ ಧಾರೆ ಎರ್ಸ್ಕೊಂಡ್ರಾ?" ಎಂದಳು ಹುಡುಗಿ.

ಪಕ್ಕದಲ್ಲಿದ್ದ ಮಂಡಿಯವರಿಗೇ ನಗು ಬಂದು ಶಲ್ಯ ಬಾಯಿಗೆ ಅಡ್ಡ ಹಿಡಿದರು. ಅಷ್ಟರಲ್ಲಿ ಜವಾನ ಕೂಗಿದ. ಅವಳು ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

"ಮೂರನೆಯವರಾಗಿ ಸೋತಿದ್ದೀರಲ್ಲಮ್ಮ, ನಿಮ್ಮದೇನು?" ಎಂದರು ನ್ಯಾಯಾಧೀಶರು.

"ಮೂರನೆಯವಳು ಹೌದೋ ಅಲ್ವೋ ಅನ್ನೋದೇ ಗೊತ್ತಿಲ್ಲ ಸ್ವಾಮಿ. ನಮ್ಮೋರ ಓಟು ಬದೀಗ್ ಬಿದ್ದೈತೆ."

ಅವರು ಕಾಗದ ತಿರುವಿ, ಎರಡೂ ಕಡೆಯ ವಕೀಲರ ವಾದ ಕೇಳಿ ಹೇಳಿದರು: ಚುನಾವಣೆಯ ತಕರಾರು ಬರಿಯ ಇಬ್ಬರದಲ್ಲ, ನಿಂತವರೆಲ್ಲರದು, ಒಬ್ಬರು ಕೈಬಿಟ್ಟರೆ ಇನ್ನೊಬ್ಬರು ಮುಂದುವರಿಸಬಹುದು, ಈಕೆಯನ್ನು ಸೇರಿಸಿಕೊಳ್ಳಿ. ಹಿಂದಿನ ಬೆಂಚಿನಲ್ಲಿ ಕೂತಿದ್ದ ನನಗೆ ಅರ್ಧ ತಿಳಿಯಿತು. ಮಿಕ್ಕರ್ಧ ಅವಳ ಮುಖ ನೋಡಿ ತಿಳಿಯಿತು.

ಪೆಟ್ಟಿಗೆ ತೆಗೆಯುವುದು ಇನ್ನೂ ಮುಂದಿತ್ತು. ಅದರಲ್ಲಿ ಗೆಲುವು ಇದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಆದರೂ ಮನೆಗೆ ಬಂದವಳೇ ಕೊಬ್ಬರಿ ತುರಿದು, ಬೆಲ್ಲ ಹಾಕಿ ಕಡುಬು ಮಾಡಿದೆ. ಸೊಸೆ ಮುದ್ದೆ ತಿರುವಿದಳು. ಮಗ ಎಲ್ಲರಿಗೂ ತಟ್ಟೆ ಹಾಕಿದ. ಹುಡುಗಿ ಮಾತ್ರ ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದಳು.

ಆಗ ನಮ್ಮ ಯಜಮಾನರು ಎದ್ದರು. ಟವೆಲನ್ನು ಜವಾನನ ಪಟ್ಟಿಯ ಹಾಗೆ ಎದೆಗೆ ಅಡ್ಡ ಹಾಕಿಕೊಂಡು, ಹಿತ್ತಲ ಬಾಗಿಲಲ್ಲಿ ನಿಂತು, ಹಟ್ಟಿಗೆಲ್ಲ ಕೇಳುವಂತೆ ಅವಳ ಹೆಸರನ್ನು ಮೂರು ಸಲ ಕೂಗಿದರು.

"ಹಾಜರಿದೀನಿ ಸ್ವಾಮಿ!" ಎಂದು ಓಡಿ ಬಂದು ತಾತನ ಪಕ್ಕದಲ್ಲೇ ಕೂತಳು. ಅವರು ತಮ್ಮ ತಟ್ಟೆಯ ಕಡುಬನ್ನು ಅವಳ ತಟ್ಟೆಗೆ ಹಾಕಿದರು. ಎಲ್ಲರೂ ಒಟ್ಟಿಗೆ ಮುದ್ದೆ ಮುರಿದೆವು.