ಗಂಜಿ ಹಾಕಿದ ನಾಲ್ಕು ಗೇಣು

ಬುಧವಾರ ಬೆಳಿಗ್ಗೆ ಏಳಕ್ಕೆ ಹುಬ್ಬಳ್ಳಿಯಿಂದ ಹೊರಟೆ. ವಿಜಯಪುರಕ್ಕೆ ಇನ್ನೂರು ಕಿಲೋಮೀಟರಿನ ಆಸುಪಾಸು, ಐದು ತಾಸಿನ ದಾರಿ. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದ್ದರಿಂದ ಆಧಾರ್ ಕಾರ್ಡು ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್ ತೆಗೆದುಕೊಂಡೆ. ಪಕ್ಕದಲ್ಲಿ ಕೂತಿದ್ದ ಇಟ್ಟಂಗಿಹಾಳದ ಹೆಂಗಸು, "ಎಲ್ಲಿಗಿ ಹೊಂಟೀರಿ ಅಕ್ಕಾರ, ಗೋಳಗುಮ್ಮಟ ನೋಡಾಕೇನು?" ಎಂದಳು. ಅಲ್ಲ, ನೂಲು ನೋಡಲು ಎಂದೆ. "ನೂಲಾಗ ನೋಡೂದೇನೈತ್ರಿ?" ಎಂದು ನಕ್ಕು, ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದಳು. ನನಗೆ ಅಷ್ಟಕ್ಕೇ ಸಿಟ್ಟು ಬಂತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದನ್ನು ಓದುವವರು ಮೊದಲೇ ತಿಳಿದಿರುವುದು ಒಳ್ಳೆಯದು. ಈ ಪ್ರಯಾಣ ಹಾಳಾದದ್ದು ಅದರಿಂದಲೇ.

ಇಪ್ಪತ್ತು ವರ್ಷಗಳಿಂದ ಕೈಮಗ್ಗದ ಬಟ್ಟೆಗೆ ವಿನ್ಯಾಸ ಮಾಡುವುದು ನನ್ನ ಕೆಲಸ. ಬೆಂಗಳೂರಿನ ಅಂಗಡಿಯೊಂದರ ಯಜಮಾನರು ಚಳಿಗಾಲಕ್ಕೆ ಇನ್ನೂರು ಸ್ಕಾರ್ಫ್ ಬೇಕೆಂದಿದ್ದರು. ನೋಡಲು ಚೆಂದವಿದ್ದರೆ ಸಾಲದು, ಕುತ್ತಿಗೆಗೆ ಹಿತವಾಗಿರಬೇಕು. ಶನಿವಾರ ಮಧ್ಯಾಹ್ನದೊಳಗೆ ಯಾವ ನೂಲೆಂದು ಹೇಳದಿದ್ದರೆ ಸೊಲ್ಲಾಪುರದ ಪವರ್‌ಲೂಮಿನವರಿಗೆ ಕೊಟ್ಟುಬಿಡುತ್ತೇನೆ ಎಂದೂ ಹೇಳಿದ್ದರು. ಆ ಇನ್ನೂರನ್ನೂ ಬಬಲೇಶ್ವರದ ಗಂಗವ್ವನ ಮಗ್ಗದಲ್ಲೇ ನೇಯಿಸುತ್ತೇನೆಂದು ನಾನು ಅವಳಿಗೆ ಮಾತು ಕೊಟ್ಟಿದ್ದೆ. ಗಂಗವ್ವ ಅರವತ್ತರ ಹತ್ತಿರದವಳು. ಹಿಂದೆ ಎರಡು ಸಲ ನನಗೆ ಸೀರೆ ನೇಯ್ದು ಕೊಟ್ಟಿದ್ದಳು. ಅವಳ ಓಣಿಯಲ್ಲಿ ಉಳಿದಿದ್ದದ್ದು ಅವಳದೊಂದೇ ಮಗ್ಗ. ಫೋನಿನಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಳು: "ಈ ಕೆಲಸ ಬಂತಂದ್ರ ಮಗ್ಗ ಇಡ್ತೀನ್ರಿ ಅಕ್ಕಾರ. ಬರಲಿಲ್ಲಂದ್ರ ತಗದು, ಸೋಮಾರದಿಂದ ಸೊಸಿ ಕೂಡ ಮಣೂಕ ಆರಿಸಾಕ ಹೋಗಾಕಿ." ಮಣೂಕ ಎಂದರೆ ಒಣದ್ರಾಕ್ಷಿ. ಆ ಸೀಮೆಯಲ್ಲಿ ಮಾರ್ಚ್ ತಿಂಗಳೆಂದರೆ ಅದರ ಕೆಲಸಕ್ಕೆ ಆಳು ಸಾಲದ ಕಾಲ.

ಹನ್ನೆರಡೂವರೆಗೆ ವಿಜಯಪುರದಲ್ಲಿ ಇಳಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ನಿಲ್ದಾಣದ ಎದುರಿನ ಖಾನಾವಳಿಯಲ್ಲಿ ಎರಡು ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ ತಿಂದು, ಲಾಡ್ಜಿನಲ್ಲಿ ಚೀಲ ಇಟ್ಟು, ಅರವತ್ತು ರೂಪಾಯಿಗೆ ಆಟೋ ಹಿಡಿದು ಸೊಲ್ಲಾಪುರ ರಸ್ತೆಗೆ ಹೋದೆ. ಅಲ್ಲಿ ನೂಲಿನ ಅಂಗಡಿ ಇಟ್ಟಿದ್ದವನು ಎದುರಿಗೇ ಬಣ್ಣಬಣ್ಣದ ಚಮಕಾ ನೂಲಿನ ಉಂಡೆಗಳನ್ನು ಜೋಡಿಸಿದ್ದ. ರೇಷ್ಮೆಯಂತೆ ಹೊಳೆಯುವ, ರೇಷ್ಮೆಯಲ್ಲದ ನೂಲು ಅದು. ಹತ್ತಿ ನೂಲಿನ ಲಡಿ, ಅಂದರೆ ಸುರುಳಿ, ಕೇಳಿದರೆ ಮುಖ ನೋಡಿದ.

"ಕೈಮಗ್ಗಕ್ಕೇನ್ರಿ ಮೇಡಂ? ಹಿಂದಿನ ಖೋಲ್ಯಾಗ ಅದಾವ. ಧೂಳ ಝಾಡಿಸಿ ಕೊಡಬೇಕಾಕ್ಕೈತಿ."

ಧೂಳು ಝಾಡಿಸಿಯೇ ಕೊಟ್ಟ. ಹತ್ತಿಯದೊಂದು, ಚಮಕಾದ್ದೊಂದು, ರೇಷ್ಮೆಗೂಡಿನ ಚೂರುಗಳಿಂದ ತೆಗೆದ ಒರಟು ನೂಲಿನದೊಂದು, ಹೀಗೆ ಮೂರು ಲಡಿ ಕೊಂಡೆ. "ಎಲ್ಲಾ ಬಿಟ್ಟು ಇದೊಂದ ಒಯ್ಯಿರಿ, ಯಾರ ನೋಡ್ತಾರ?" ಎಂದು ಅವನು ಚಮಕಾವನ್ನು ಬೆರಳಲ್ಲಿ ತಟ್ಟಿದ. ಮುಟ್ಟಿ ನೋಡುವವರು ನೋಡುತ್ತಾರೆ ಎಂದು ದೊಡ್ಡದಾಗಿ ಹೇಳಿ ಬಂದೆ. ಆ ಮಾತನ್ನು ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಗುರುವಾರ ಬೆಳಿಗ್ಗೆ ತಿಕೋಟಾ. ವಿಜಯಪುರದಿಂದ ಇಪ್ಪತ್ತು ಕಿಲೋಮೀಟರು, ಮುಕ್ಕಾಲು ತಾಸು. ದಾರಿಯ ಎರಡೂ ಕಡೆ ದ್ರಾಕ್ಷಿ ತೋಟ, ನಡುನಡುವೆ ಹಸಿರು ಜಾಲರಿ ಕಟ್ಟಿ ದ್ರಾಕ್ಷಿ ಒಣಗಿಸುವ ಶೆಡ್ಡುಗಳು. ನನಗೆ ಬೇಕಾದವಳು ಮಾಳವ್ವ, ಕುರಿಯ ಉಣ್ಣೆ ನೂಲುವ ಮುದುಕಿ. ಬೇವಿನ ಗಿಡದ ಕೆಳಗೆ ರಾಟೆ ಇಟ್ಟುಕೊಂಡು ಕೂತಿದ್ದಳು. ಕಂಬಳಿಗಲ್ಲ, ಕುತ್ತಿಗೆಗೆ ಸುತ್ತಿಕೊಳ್ಳುವ ಬಟ್ಟೆಗೆ ನೂಲು ಬೇಕೆಂದಾಗ ಅವಳು ರಾಟೆ ನಿಲ್ಲಿಸಿ ನಕ್ಕಳು.

"ಯವ್ವಾ, ಕುತಗಿಗಿ ಚುಚ್ಚಂಗಿಲ್ಲೇನ?"

ಆದರೂ ಒಳಗೆ ಹೋಗಿ ಮೂಲೆಯ ಗಂಟು ಬಿಚ್ಚಿ, ಕಪ್ಪು ಬೂದಿ ಬಣ್ಣದ ಒಂದು ಲಡಿ ತಂದಳು. ಮರಿಯ ಮೈಯಿಂದ ಮೊದಲ ಸಲ ಕತ್ತರಿಸಿದ ಉಣ್ಣೆ ಅದು ಎಂದಳು. ಮೊಮ್ಮಗಳ ಬಾಣಂತನಕ್ಕೆಂದು ಎತ್ತಿಟ್ಟಿದ್ದಳಂತೆ. ಕೈಯಲ್ಲಿ ಹಿಡಿದೆ, ಒರಟಾಗಿಯೇ ಇತ್ತು. ನನ್ನ ಮುಖ ನೋಡಿ ಹೇಳಿದಳು: "ಈಗ ಹಿಡದ ನೋಡಬ್ಯಾಡ್ರಿ. ಉಣ್ಣಿ ನೀರ ಕುಡೀಬೇಕು, ಆಮ್ಯಾಲ ಅದರ ಗುಣ ತಿಳಿತೈತಿ." ನಾನು ಹೂಂಗುಟ್ಟಿದೆ. ಕೇಳಿಸಿಕೊಳ್ಳಲಿಲ್ಲ.

ಅಲ್ಲಿಂದ ಟಂಟಂ ಹತ್ತಿ, ನಡುವೆ ಒಂದು ಕಡೆ ಇಳಿದು ಇನ್ನೊಂದು ಹತ್ತಿ, ಮಧ್ಯಾಹ್ನದ ಹೊತ್ತಿಗೆ ಬಬಲೇಶ್ವರ ಸೇರಿದೆ. ಗಂಗವ್ವನ ಮನೆಯ ಪಡಸಾಲೆಯಲ್ಲೇ ಕುಣಿಮಗ್ಗ. ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಅವಳೂ, ಎದುರಿಗೆ ಸೊಸೆ ರೇಖಾಳೂ ಕೂತು ಎಳೆ ಕೆಚ್ಚುತ್ತಿದ್ದರು. ಕೆಚ್ಚುವುದೆಂದರೇನೆಂದು ಇಲ್ಲಿ ಹೇಳಬೇಕು. ಒಂದು ಬಟ್ಟೆ ನೇಯ್ದು ಮುಗಿದಾಗ ನೇಕಾರರು ಹಾಸಿನ, ಅಂದರೆ ಉದ್ದಕ್ಕೆ ಹಾಸಿದ, ಎಳೆಗಳನ್ನು ಪೂರ್ತಿ ಕಿತ್ತುಹಾಕುವುದಿಲ್ಲ. ಮೊಳದುದ್ದ ಮಗ್ಗದಲ್ಲೇ ಬಿಟ್ಟು, ಮುಂದಿನ ಹಾಸಿನ ಎಳೆಗಳನ್ನು ಒಂದೊಂದಾಗಿ ಅದಕ್ಕೆ ಹೊಸೆದು ಕೂಡಿಸುತ್ತಾರೆ. ಹಳೆಯದರ ಬಾಲ ಹಿಡಿದೇ ಹೊಸದು ಮಗ್ಗಕ್ಕೆ ಬರುವುದು. ಆ ಬಾಲ ಕತ್ತರಿಸಿದರೆ ಸಾವಿರದ ಮೇಲಿನ ಎಳೆಗಳನ್ನು ಮತ್ತೆ ಮೊದಲಿನಿಂದ ಮಗ್ಗದ ಹಣಿಗೆಯ ಹಲ್ಲುಗಳಲ್ಲಿ ಪೋಣಿಸಬೇಕು. ಅದನ್ನು ಬಲ್ಲ ಕೈಗಳು ಬಬಲೇಶ್ವರದಲ್ಲಿ ಈಗಿಲ್ಲ ಎಂದು ಗಂಗವ್ವ ಹೇಳಿದಳು.

ನಾಲ್ಕು ಲಡಿ ಅವಳ ಮುಂದಿಟ್ಟೆ. ಒಂದೇ ಹಾಸಿನ ಮೇಲೆ ನಾಲ್ಕು ನೂಲು ಅಡ್ಡ ಹೊಕ್ಕಿಗೆ, ಒಂದೊಂದರಲ್ಲಿ ಒಂದೊಂದು ಗೇಣು. ಯಾವುದು ಮೈಗೆ ಹಿತವೋ ಅದನ್ನು ಆರಿಸುತ್ತೇನೆ ಎಂದೆ. ಅವಳು ಉಣ್ಣೆಯನ್ನು ಮೂಗಿಗೆ ಹಿಡಿದು ಮೂಸಿದಳು, ರೇಖಾ ಚಮಕಾವನ್ನು ಸೆರಗಿಗೆ ಹಿಡಿದು ನೋಡಿಕೊಂಡಳು. ಹೊರಡುವಾಗ ನಾನು ಹೇಳಿದ ಮಾತು ಇದು: "ಗಂಗವ್ವಾ, ಚಲೋತ್ನಾಗ ಮಾಡಿ ಇಡ್ರಿ. ದೊಡ್ಡ ಮಂದಿಗೆ ತೋರಸೂದೈತಿ."

ಶುಕ್ರವಾರ ಕೆಲಸವಿರಲಿಲ್ಲ. ಗೋಳಗುಮ್ಮಟ ನೋಡಿದೆ, ಏಕೆಂದರೆ ನೋಡದೆ ಹೋಗಲು ಲಾಡ್ಜಿನವನು ಬಿಡುವ ಹಾಗೆ ಕಾಣಲಿಲ್ಲ. ಮೇಲೆ ಹತ್ತಿ ನಿಂತರೆ ಶಾಲೆಯ ಮಕ್ಕಳು ತಂತಮ್ಮ ಹೆಸರು ಕೂಗಿ ಏಳೇಳು ಸಲ ಕೇಳಿಸಿಕೊಳ್ಳುತ್ತಿದ್ದರು. ತಲೆನೋವು ಹಚ್ಚಿಕೊಂಡು ಇಳಿದೆ.

ಶನಿವಾರ ಹನ್ನೊಂದಕ್ಕೆ ಮತ್ತೆ ಬಬಲೇಶ್ವರ. ಗಂಗವ್ವ ತಲೆಗೆ ಎರೆದುಕೊಂಡು, ಪೆಟ್ಟಿಗೆಯ ಸೀರೆ ಉಟ್ಟು ಬಾಗಿಲಲ್ಲೇ ನಿಂತಿದ್ದಳು. ಹಿತ್ತಾಳೆಯ ತಾಟಿನಲ್ಲಿ ಎಲೆ ಅಡಿಕೆಯ ಜೊತೆ ನಾಲ್ಕು ತುಣುಕು ಮಡಚಿ ಇಟ್ಟು, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಒಂದನ್ನು ಎತ್ತಿದೆ. ಮಡಿಕೆ ಬಿಚ್ಚಲಿಲ್ಲ, ಹಪ್ಪಳದಂತೆ ಸೆಟೆದು ನಿಂತಿತು. ಎರಡನೆಯದೂ ಹಾಗೆಯೇ. ಉಣ್ಣೆಯದನ್ನು ಕುತ್ತಿಗೆಗೆ ಹಿಡಿದೆ, ತಗಡು ತಾಗಿದಂತಾಯಿತು.

"ಏನ್ ಮಾಡೀರಿ ಇದಕ್ಕ?"

"ಗಂಜಿ ಹಾಕೀನ್ರಿ," ಎಂದಳು, ಮುಖದ ತುಂಬ ನಗು. "ಹುಣಚಿ ಬೀಜ ಹುರದು, ಬೀಸಿ, ಕುದಿಸಿ, ಸೋಸಿ ಹಾಕೀನಿ. ನೀವ ಹೇಳಿದ್ರೆಲ್ಲಾ, ಚಲೋತ್ನಾಗ ಮಾಡ್ರಿ ಅಂತ."

"ಯಾರ ಕೇಳಿದ್ರು ನಿಮಗ ಗಂಜಿ?"

ಅವಳ ನಗು ಮಾಯವಾಯಿತು. "ಗಂಜಿ ಇಲ್ಲದ ಅರಿವಿ ನಮ್ಮ ಮನಿ ಹೊಸ್ತಲಾ ದಾಟಿಲ್ರಿ ಅಕ್ಕಾರ. ಮೆತ್ತನ್ನ ಅರಿವಿ ಕೊಟ್ರ ಉಟ್ಟು ಬಿಟ್ಟದ್ದು ಕೊಟ್ಟಂಗ ಆಕ್ಕೈತಿ. ದೊಡ್ಡ ಮಂದಿಗಿ ಅಂದ್ರಿ..."

"ನಾಕೂ ಒಂದೇ ನಮೂನಿ ಆಗ್ಯಾವ! ನಾ ನೂಲು ಮುಟ್ಟಿ ನೋಡ್ಲೋ, ಗಂಜಿ ಮುಟ್ಟಿ ನೋಡ್ಲೋ? ಎರಡ ದಿನ ಹಾಳ ಮಾಡಿಬಿಟ್ರಿ."

"ಸಿಟ್ಟ ಮಾಡ್ಕೋಬ್ಯಾಡ್ರಿ. ಒಂದ್ ಬಕೀಟ ನೀರಾಗ ಹಾಕ್ರಿ, ಬಿಟ್ಟ ಹೋಕ್ಕೈತಿ. ಇಲ್ಲೇ ಹಾಕ್ತೀನ್ರಿ, ತಡೀರಿ."

"ನನಗ ಕಲಸಾಕ ಬರಬ್ಯಾಡ್ರಿ ಗಂಗವ್ವಾ," ಎಂದೆ. ನಾನು ಇಪ್ಪತ್ತು ವರ್ಷ ಬಟ್ಟೆಯ ಕೆಲಸ ಮಾಡಿದವಳು. ಗಂಜಿ ನೀರಿಗೆ ಬಿಡುತ್ತದೆ ಎಂಬುದನ್ನು ಅಡುಗೆಮನೆಯ ಯಾವ ಹುಡುಗಿಯೂ ಬಲ್ಲಳು. ನನಗೆ ಗೊತ್ತಿರಲಿಲ್ಲವೆಂದಲ್ಲ. ಅವಳಿಂದ ಹೇಳಿಸಿಕೊಳ್ಳುವುದನ್ನು ಸಹಿಸಲಾಗಲಿಲ್ಲ, ಅಷ್ಟೆ.

ಅವಳು ಚಹಾಕ್ಕೆಂದು ಒಳಗೆ ಹೋದಳು. ಅದೇ ಹೊತ್ತಿಗೆ ಅಂಗಡಿಯ ಯಜಮಾನರ ಫೋನು. "ಏನಾಯ್ತು ಮೇಡಂ, ಯಾವ ನೂಲು?" ಎಂದರು. ಅಂಗಳಕ್ಕೆ ಇಳಿದು, ಬಿಸಿಲಲ್ಲಿ ನಿಂತು ಹೇಳಿದೆ: "ಇಲ್ಲಿ ಆಗೋದಿಲ್ಲ ಸರ್. ಇವರಿಗೆ ಹೇಳಿದ್ದೇ ಅರ್ಥ ಆಗೋದಿಲ್ಲ. ಸೊಲ್ಲಾಪುರದವರಿಗೇ ಕೊಟ್ಟುಬಿಡಿ." ಒಂದು ನಿಮಿಷದ ಮಾತು. ಚಹಾ ಕುಡಿಯದೆ, ತುಣುಕುಗಳನ್ನು ಚೀಲಕ್ಕೆ ತುರುಕಿಕೊಂಡು, "ಹೇಳಿ ಕಳಸ್ತೀನಿ" ಎಂದಷ್ಟೇ ಹೇಳಿ ಬಸ್ಸಿಗೆ ನಡೆದೆ.

ಲಾಡ್ಜಿಗೆ ಬಂದವಳು ನಾಲ್ಕೂ ತುಣುಕುಗಳನ್ನು ಬಕೆಟ್ಟಿನ ನೀರಿಗೆ ಎಸೆದೆ. ಅವಳ ಮಾತು ಸುಳ್ಳೆಂದು ತೋರಿಸಬೇಕೆಂಬ ಹಟಕ್ಕೆ ಎಸೆದದ್ದು, ಮತ್ತಾವ ಒಳ್ಳೆಯ ಬುದ್ಧಿಯಿಂದಲೂ ಅಲ್ಲ. ನೀರು ಬೆಳ್ಳಗಾಯಿತು. ಮೂರು ಸಲ ನೀರು ಬದಲಿಸಿ, ಹಿಂಡಿ, ಕಿಟಕಿಯ ಸರಳಿಗೆ ಹರವಿದೆ. ವಿಜಯಪುರದ ಬಿಸಿಲಿಗೆ ಒಂದೂವರೆ ತಾಸು ಸಾಕಾಯಿತು. ಹತ್ತಿಯದು ಮುದುಡಿಕೊಂಡಿತ್ತು. ಚಮಕಾ ಜೋತು ಬಿದ್ದಿತ್ತು. ರೇಷ್ಮೆ ಚೂರಿನದು ಪರವಾಗಿಲ್ಲ, ಆದರೆ ಭಾರ. ಉಣ್ಣೆಯದನ್ನು ಎತ್ತಿಕೊಂಡಾಗ ಕೈ ಅಲ್ಲೇ ನಿಂತಿತು. ಎಳೆಗರುವಿನ ಕಿವಿಯಷ್ಟು ಮೆತ್ತಗಿತ್ತು. ಕುತ್ತಿಗೆಗೆ ಹಿಡಿದೆ, ಚುಚ್ಚಲಿಲ್ಲ, ಬೆಚ್ಚಗೆ ಕೂತಿತು. ಇಷ್ಟು ವರ್ಷ ಇಂಥದೊಂದು ಬಟ್ಟೆಗಾಗಿಯೇ ನಾನು ಊರೂರು ಅಲೆದಿದ್ದೆ.

ಕೂಡಲೇ ಫೋನು ಮಾಡಿದೆ. ಯಜಮಾನರು ನಕ್ಕರು. "ಮೇಡಂ, ನೀವು ಹೇಳಿದ ಹತ್ತೇ ನಿಮಿಷಕ್ಕೆ ಸೊಲ್ಲಾಪುರದವರಿಗೆ ಹೇಳಿಬಿಟ್ಟೆ. ನೂಲು ಇಳಿಸಿಕೊಂಡಾಯ್ತಂತೆ. ಮುಂದಿನ ವರ್ಷ ನೋಡೋಣ ಬಿಡಿ." ಬೇಡಿಕೊಂಡೆ. ಐವತ್ತಾದರೂ ಕೊಡಿ ಎಂದೆ. ಅವರು ಮುಂದಿನ ವರ್ಷ ಎಂದೇ ಮತ್ತೊಮ್ಮೆ ಹೇಳಿ ಇಟ್ಟರು. ಸಿಟ್ಟಿನಲ್ಲಿ ಕೊಯ್ದ ಮೂಗು ಸಮಾಧಾನದಲ್ಲಿ ಬಾರದು ಎಂದು ನನ್ನ ಅವ್ವ ದಿನಕ್ಕೊಮ್ಮೆ ಹೇಳುತ್ತಿದ್ದಳು. ಇಲ್ಲಿ ಕೊಯ್ದದ್ದು ನನ್ನ ಮೂಗಾಗಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಭಾನುವಾರ ಹುಬ್ಬಳ್ಳಿಯ ಬಸ್ಸು ಹತ್ತಬೇಕಾದವಳು ಮತ್ತೆ ಬಬಲೇಶ್ವರದ ಬಸ್ಸು ಹತ್ತಿದೆ. ಫೋನಿನಲ್ಲೇ ಹೇಳಿಬಿಡಬಹುದಿತ್ತು. ಆದರೆ ಅಂಗಳದಲ್ಲಿ ನಿಂತು ಆಡಿದ ಮಾತನ್ನು ಅವಳ ಮುಖ ನೋಡಿಯೇ ಹೇಳಬೇಕೆನಿಸಿತು.

ಗಂಗವ್ವ ಮಗ್ಗದ ಮುಂದೆ ಕೂತಿದ್ದಳು. ಎಳೆಗಳ ಬಾಲವನ್ನು ಗುಂಪುಗುಂಪಾಗಿ ಗಂಟು ಹಾಕಿ, ಕೆಚ್ಚಲು ಅಣಿಮಾಡಿ ಇಟ್ಟಿದ್ದಳು. "ಬರ್ರಿ ಅಕ್ಕಾರ, ಯಾವ್ ನೂಲು ಮಾಡಿದ್ರಿ?" ಎಂದಳು. ನಾನು ಉಣ್ಣೆಯ ತುಣುಕು ಕೊಟ್ಟೆ. ಬೆರಳಿಂದ ಸವರಿದಳು, ಕೆನ್ನೆಗೆ ಹಿಡಿದಳು, ರೇಖಾಳನ್ನು ಕರೆದು ಅವಳ ಕೆನ್ನೆಗೂ ಹಿಡಿದಳು. "ಏನ್ ಚಂದ ಆಗೇತಿ ನೋಡಲೇ," ಎಂದಳು. ಆಗ ಹೇಳಿದೆ. ನಿನ್ನೆ ನಿಮ್ಮ ಅಂಗಳದಲ್ಲೇ ನಿಂತು ಬೇಡವೆಂದೆ, ಕೆಲಸ ಸೊಲ್ಲಾಪುರಕ್ಕೆ ಹೋಯಿತು, ತಪ್ಪು ನಿಮ್ಮದಲ್ಲ, ನನ್ನದು ಎಂದೆ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ತುಣುಕನ್ನು ಮಡಚಿ ನನ್ನ ಕೈಗೆ ಕೊಟ್ಟು, "ನೀರಾಗ ಹಾಕ್ರಿ ಅಂದಿದ್ದೆ" ಎಂದಳು. ಆಮೇಲೆ ಸೊಸೆಗೆ, "ರೇಖಾ, ಕತ್ತರಿ ತಾ" ಎಂದಳು. "ಅತ್ತೀ, ಇರಲಿ ಬಿಡ್ರಿ, ಮುಂದ ಯಾವಾಗರ..." ಎಂದು ಅವಳು ತಡೆದಳು. ಗಂಗವ್ವ ತಾನೇ ಎದ್ದು ಕತ್ತರಿ ತಂದು, ಹಣಿಗೆಯ ಬುಡಕ್ಕೆ ಹಿಡಿದು ಕತ್ತರಿಸಿದಳು. ಎಳೆಗಳು ಕುಣಿಯೊಳಗೆ ಬಿದ್ದವು. ನಾನು ನೋಡುತ್ತಾ ನಿಂತಿದ್ದೆ.

"ಬಸ್ಸಿಗಿ ಇನ್ನಾ ಟೈಮ್ ಐತಿ. ಉಪವಾಸ ಹೋಗಬ್ಯಾಡ್ರಿ," ಎಂದು ಬಿದ್ದ ಎಳೆಗಳನ್ನು ಬಾಚಿಕೊಂಡು ಒಳಗೆ ಹೋದವಳು ರೊಟ್ಟಿಯ ಗಂಟು ತಂದು ಕೊಟ್ಟಳು. ಬಾಗಿಲವರೆಗೆ ಬಂದಳು. ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ಒಳಗೆ ಹೋಗಿಬಿಟ್ಟಿದ್ದಳು.

ವಿಜಯಪುರದಲ್ಲಿ ಬಸ್ಸು ಬದಲಿಸಿದೆ. ಊರು ದಾಟಿ ತುಸು ದೂರ ಹೋದ ಮೇಲೆ ಹಸಿವಾಗಿ ಗಂಟು ತೆಗೆದೆ. ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದ್ದಳು. ಮೇಲೆ ಸುತ್ತಿ ಬಿಗಿದದ್ದು ಆಗ ಕತ್ತರಿಸಿದ ಎಳೆಗಳ ಹುರಿ. ನೇಕಾರರ ಗಂಟು ಅದು, ಎಳೆದಷ್ಟೂ ಬಿಗಿಯಾಯಿತು. ನನ್ನ ಚೀಲದಲ್ಲಿ ಕತ್ತರಿ ಇತ್ತು. ತೆಗೆಯಲಿಲ್ಲ. ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಹುಬ್ಬಳ್ಳಿಯವರೆಗೆ ಹಸಿದೇ ಬಂದೆ.