ಮಸ್ಕತ್‌ಗೆ ಹೊರಟ ಕದಿರು

ಕುಶಾಲನಗರದ ಕೊರಿಯರ್ ಅಂಗಡಿಯಲ್ಲಿ ಹೊರದೇಶದ ಪಾರ್ಸೆಲ್‌ಗಳನ್ನು ಬಿಚ್ಚಿ ನೋಡುವುದು ನನ್ನ ಕೆಲಸ. ಉಪ್ಪಿನಕಾಯಿ ಸೋರಿದರೂ ಬೈಗುಳ ನನಗೇ, ಬೇಡ ಎಂದರೂ ನನಗೇ. ಹೊಸ ಬೆಳೆ ಮನೆಗೆ ತರುವ ಹುತ್ತರಿ ಹಬ್ಬದ ಮರುದಿನ ಕರಿಕೆ ಊರಿನ ಹೆಂಗಸೊಬ್ಬರು, ಮಸ್ಕತ್‌ನಲ್ಲಿ ಡ್ರೈವರ್ ಆಗಿರುವ ಗಂಡನಿಗೆಂದು ಒಂದು ಪೊಟ್ಟಣ ತಂದರು. ಬಿಚ್ಚಿದರೆ ಮಾವಿನೆಲೆ, ಅರಳಿ ಎಲೆ ಸುತ್ತಿದ ಭತ್ತದ ಕದಿರು.

"ಕಾಳು, ಎಲೆ ಯಾವುದೂ ಹೋಗಲ್ಲ ಅಕ್ಕಾ. ರೂಲ್ಸು."

"ತಿನ್ನೋಕಲ್ಲ ಅಣ್ಣಾ, ಬಾಗಿಲಿಗೆ ಕಟ್ಟೋಕೆ. ಮೂರು ವರ್ಷ ಆನೆ ಗದ್ದೆ ತುಳಿದು ಹಾಕಿತ್ತು. ಬೇಜಾರಾಗಿಯೇ ಅವರು ಹೊರಟದ್ದು. ಈ ವರ್ಷ ಬೆಳೆ ಕೈಗೆ ಬಂತು, ನೋಡೋಕೆ ಅವರಿಲ್ಲ."

ಸಂಕಟವಾಯಿತು. ಆದರೂ ಪೊಟ್ಟಣ ವಾಪಸ್ ತಳ್ಳಿದೆ. ಅವರು ಗಂಡನಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ನನ್ನ ಮುಖಕ್ಕೇ ಹಿಡಿದರು. ನಾನು ತಡವರಿಸುತ್ತಾ ರೂಲ್ಸು ಹೇಳಿದೆ. ಆತ ಸಿಟ್ಟಾಗಲಿಲ್ಲ.

"ಕಟ್ಟೋಕೆ ಅಂತ ಹೊರಟ ಕದಿರು ವಾಪಸ್ ಹೋಗೋದು ಬೇಡ ಸಾರ್. ನಿಮ್ಮ ಬಾಗಿಲಿಗೇ ಕಟ್ಟಿಬಿಡಿ, ನಾನು ಇಲ್ಲಿಂದ ನೋಡ್ತೇನೆ."

ಸ್ಟೂಲ್ ಹತ್ತಿ ಕಟ್ಟಿದೆ. ಗಂಟು ಬಿಗಿಯುತ್ತಿದ್ದಂತೆ ಫೋನಿನೊಳಗಿಂದ ಆತ, ಬೆಳೆ ಹೆಚ್ಚಲಿ ಎಂದು ಗದ್ದೆಯಲ್ಲಿ ಕೂಗುವಂತೆಯೇ, "ಪೊಲಿ ಪೊಲಿ ದೇವಾ!" ಎಂದು ಕೂಗಿದ. ಸಾಲಿನಲ್ಲಿದ್ದ ಮಲಯಾಳಿ ಚೇಟ್ಟನೂ ಶನಿವಾರಸಂತೆಯ ಗೌಡರೂ ದನಿಗೂಡಿಸಿದರು. ಆಕೆ ಕಣ್ಣೊರೆಸಿಕೊಂಡು ನಕ್ಕರು.

ಕದಿರು ಈಗಲೂ ಅಲ್ಲೇ ಇದೆ. ಕಾಳು ಕಳಿಸುವಂತಿಲ್ಲ ಎಂದು ನಾನು ಯಾರಿಗೇ ಹೇಳಲಿ, ಅವರು ಮೊದಲು ಬಾಗಿಲ ಮೇಲೆ ನೋಡುತ್ತಾರೆ, ಆಮೇಲೆ ನನ್ನ ಮುಖ.