ಕಣಕ್ಕೆ ತಾಗಿದ ಗೋಡೆ

ನನ್ನ ಗಂಡ ಕೊನೆಯ ದಿನಗಳಲ್ಲಿ ಮಲಗಿದ್ದ ಕೋಣೆಯ ಗೋಡೆ, ಅವರು ಹೋದ ಮೇಲೆ ಪ್ರತಿ ಮಳೆಗಾಲವೂ ಒದ್ದೆಯಾಗಿಯೇ ಇರುತ್ತಿತ್ತು. ಈಗ ಅಲ್ಲಿ ಅತ್ತೆ ಮಲಗುತ್ತಾರೆ. ಬೇರೆ ಕೋಣೆಗೆ ಬನ್ನಿ ಎಂದರೆ ಬರುವುದಿಲ್ಲ. ಮಳೆ ಹಿಡಿಯಿತೆಂದರೆ ಅವರಿಗೆ ಕೆಮ್ಮು ಹಿಡಿಯುತ್ತದೆ, ಚೌತಿ ಕಳೆದರೂ ಬಿಡುವುದಿಲ್ಲ. ಇನ್ನೊಂದು ಮಳೆಗಾಲ ಈ ಥಂಡಿಯಲ್ಲಿ ಮಲಗಿಸಬೇಡಿ ಎಂದು ಡಾಕ್ಟರು ನನಗೆ ಹೇಳಿದರು, ಗೋಡೆಯನ್ನು ನಾನೇ ಒದ್ದೆ ಮಾಡಿದವಳ ಹಾಗೆ.

ಮೊದಲ ವರ್ಷ ಸೋಮವಾರಪೇಟೆಯಿಂದ ಬಂದ ಮೇಸ್ತ್ರಿ ಗಾರೆ ಕಿತ್ತು, ಸಿಮೆಂಟಿಗೆ ಏನೋ ಔಷಧಿ ಬೆರೆಸಿ ಮೆತ್ತಿ, ನೀರು ಹಿಡಿಯದ ಬಣ್ಣ ಬಳಿದು ಹೋದ. ಜುಲೈಯಲ್ಲಿ ಬಣ್ಣ ಹಪ್ಪಳದ ಹಾಗೆ ಉಬ್ಬಿತು. ಮರುವರ್ಷ ಇನ್ನೊಬ್ಬ ಬಂದು ಸೊಂಟದೆತ್ತರಕ್ಕೆ ಟೈಲ್ಸ್ ಅಂಟಿಸಿದ. ತೇವ ಟೈಲ್ಸಿನ ಹಿಂದೆಯೇ ಹತ್ತಿ, ಟೈಲ್ಸ್ ಮುಗಿದಲ್ಲಿಂದ ಮೇಲೆ ಬೂಷ್ಟಾಗಿ ಕಾಣಿಸಿಕೊಂಡಿತು. ಬಾಣಲೆಯಲ್ಲಿ ಕೆಂಡ ಇಟ್ಟೆ, ಬೂಷ್ಟು ಒರೆಸಿದೆ. ಕಪಾಟಿನಲ್ಲಿ ಬೂಷ್ಟು ಹಿಡಿಯುತ್ತಿದ್ದ ಗಂಡನ ಅಂಗಿಗಳನ್ನು ಒಗೆದು ಒಗೆದು ಅವುಗಳಲ್ಲಿ ಅವರ ವಾಸನೆಯೇ ಉಳಿಯಲಿಲ್ಲ.

ಮೂರನೆಯ ಮೇಸ್ತ್ರಿ ಕೋಣೆಯೊಳಗೆ ಬರಲೇ ಇಲ್ಲ. ಬೇಸಿಗೆ ಮಳೆ ಬಿದ್ದ ಮರುದಿನ, ಕಾಫಿ ಒಣಗಿಸುವ ಕಣದಲ್ಲಿ ನಿಂತು ಗೋಡೆಯ ಬುಡ ನೋಡಿದ.

"ಈ ಕಣ ಯಾರಕ್ಕ ಹಾಕಿದ್ದು? ಬುದ್ಧಿ ಇರೋರು ಗೋಡೆಗೆ ತಾಗ್ಸಿ ಸಿಮೆಂಟ್ ಹಾಕ್ತಾರಾ?"

ಜಗುಲಿಯಲ್ಲಿ ಕುಳಿತಿದ್ದ ಅತ್ತೆ ಹೇಳಿದರು: "ನನ್ ಮಗ."

ಅವನು ನಾಲಿಗೆ ಕಚ್ಚಿಕೊಂಡ. ಆಮೇಲೆ ಮೆಲ್ಲಗೆ, "ಕೋಣೆ ನೆಲಕ್ಕಿಂತ ಕಣ ಒಂದು ಗೇಣು ಎತ್ತರ ಇದೆ ಅಕ್ಕ. ಬಿದ್ದ ಮಳೆ ಎಲ್ಲಾ ಗೋಡೆ ಕುಡೀತದೆ. ಒಳಗೆ ಏನ್ ಬಳಿದ್ರೂ ಅಷ್ಟೇ. ಗೋಡೆ ಉದ್ದಕ್ಕೂ ಎರಡಡಿ ಒಡ್ದು, ನೆಲಕ್ಕಿಂತ ಕೆಳಗೆ ಚರಂಡಿ ತೆಗ್ದು ಜಲ್ಲಿ ತುಂಬ್ಬೇಕು" ಎಂದ.

"ಅವ್ನ್ ಮಾಡಿದ್ದನ್ನ ಒಡೀಬ್ಯಾಡ," ಎಂದರು ಅತ್ತೆ.

ಮೊದಲು ಅಲ್ಲಿ ಸಗಣಿ ಸಾರಿಸಿದ ಮಣ್ಣಿನ ಕಣವಿತ್ತು, ಗೋಡೆಯಿಂದ ದೂರ, ತಗ್ಗಿನಲ್ಲಿ. ಕೊಯ್ಲಿನ ಹೊತ್ತಿಗೆ ಅಕಾಲ ಮಳೆ ಬಂದರೆ, ಕಾಫಿಯನ್ನು ಜಗುಲಿಗೆ ಹೊತ್ತು ಹಾಕುವಷ್ಟರಲ್ಲಿ ಅರ್ಧ ನೆನೆಯುತ್ತಿತ್ತು. ಎಳೆದರೆ ಸಾಕು, ಹೊರುವುದು ಬೇಡ ಎಂದು ಇವರು, ಕಾಯಿಲೆ ಬೀಳುವ ಮುಂಚಿನ ಬೇಸಿಗೆಯಲ್ಲಿ, ಜಗುಲಿಯ ಮಟ್ಟಕ್ಕೆ ಮಣ್ಣು ಏರಿಸಿ, ಗೋಡೆಯವರೆಗೂ ಸಿಮೆಂಟ್ ಹಾಕಿಸಿದರು. ಅದು ಗಟ್ಟಿಯಾಗಲೆಂದು ಹದಿನೈದು ದಿನ ಎರಡು ಹೊತ್ತು ನೀರು ಹೊಡೆದವಳು ನಾನೇ. ಆ ಕೋಣೆ ಜಗುಲಿಯಿಂದ ಒಂದು ಮೆಟ್ಟಿಲು ಕೆಳಗಿದೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಈಗ ಜಗಳ ಆಡೋಣವೆಂದರೆ ಅವರಿಲ್ಲ.

"ಅವರಿದ್ದಿದ್ರೆ ಅವರೇ ಒಡೀತಿದ್ರು ಅತ್ತೆ," ಎಂದೆ.

"ಒಡೀತಿರ್ಲಿಲ್ಲ. ಅವ್ನ ಹಟ ನಿಂಗೆ ಗೊತ್ತಿಲ್ವಾ?" ಎನ್ನುತ್ತಲೇ ಅವರಿಗೆ ಕೆಮ್ಮು ಬಂತು. ಅದು ನಿಲ್ಲುವವರೆಗೆ ಕಾದು, ಮೇಸ್ತ್ರಿಗೆ ಹೂಂ ಎಂದೆ.

ಒಡೆಯುವುದಕ್ಕೆ ಎರಡು ದಿನ ಹಿಡಿಯಿತು. ಅಷ್ಟು ಗಟ್ಟಿಯಾಗಿತ್ತು. ಒಳಗಿನ ಟೈಲ್ಸನ್ನೂ ಕಿತ್ತ ಮೇಸ್ತ್ರಿ, ಪೂರ್ತಿ ಒಣಗುವವರೆಗೆ ಗಾರೆ, ಬಣ್ಣ ಏನೂ ಬೇಡ ಎಂದು ಹೇಳಿಹೋದ.

ಮಳೆಗಾಲ ಕಳೆಯಿತು. ಗೋಡೆ ಇನ್ನೂ ಬೋಳಾಗಿದೆ. ಅಂಗೈ ಇಟ್ಟರೆ ತಣ್ಣಗಿದೆ, ಒದ್ದೆಯಿಲ್ಲ. ಮೊನ್ನೆ ಕಾಫಿ ಹರವಿದ್ದಾಗ ಮಳೆ ಬಂತು. ಎಳೆಯುವ ಅವಸರದಲ್ಲಿ ಒಂದು ಬುಟ್ಟಿಯಷ್ಟು ಜಲ್ಲಿಯೊಳಗೆ ಬಿತ್ತು. ಸಂಜೆಯವರೆಗೆ ಕುಕ್ಕುರುಗಾಲಲ್ಲಿ ಕುಳಿತು ಕಲ್ಲಿನ ಸಂದಿಯಿಂದ ಹೆಕ್ಕಿದೆ, ಗಂಡನನ್ನು ಬೈಯುತ್ತಾ. ಕಿಟಕಿಯ ಆಚೆ, ಕೋಣೆಯಲ್ಲಿ ಅತ್ತೆ ಮಲಗಿದ್ದರು. ಕೆಮ್ಮು ಕೇಳಲಿಲ್ಲ.